ಪರೀಕ್ಷೆಯ ಕಾಯಿ

ಅಣುಬಾಂಬುಗಳನ್ನು ಸಿಡಿಸಿ ನೋಡಿದ್ದ ಆ ದ್ವೀಪಕ್ಕೆ ವಿಜ್ಞಾನಿ ಹತ್ತು ವರ್ಷಗಳಿಂದ ಬರುತ್ತಿದ್ದ. ಅಲ್ಲಿನ ಒಬ್ಬ ಮುದುಕಿ ಪ್ರತಿ ಸಲ ಕೊಡುತ್ತಿದ್ದ ತೆಂಗಿನಕಾಯಿಗಳನ್ನು ಒಯ್ದು ವಿಕಿರಣ ಅಳೆಯುವುದು ಅವನ ಕೆಲಸ. ಅಳತೆ ಒಮ್ಮೆಯೂ ಮಿತಿ ಮೀರಿರಲಿಲ್ಲ. ಊರವರು ಧಾರಾಳವಾಗಿ ತಿನ್ನಬಹುದು ಎಂದು ಮೊದಲ ವರ್ಷವೇ ಬರೆದುಕೊಟ್ಟಿದ್ದ. ಆದರೂ ಅಲ್ಲಿನ ಮಕ್ಕಳ ಕುತ್ತಿಗೆಯಲ್ಲಿ ಗಡ್ಡೆ ಏಳುವುದು ನಿಂತಿರಲಿಲ್ಲ. ಆ ಪುಟ್ಟ ಕುತ್ತಿಗೆಗಳು ಅವನ ಕಣ್ಣಿಗೆ ಕಟ್ಟಿಕೊಂಡೇ ಇರುತ್ತಿದ್ದವು.

"ಈ ಸಲ ಕಾಯಿ ನಾನೇ ಕೀಳ್ತೀನಿ ಅಜ್ಜಿ. ಇಷ್ಟು ವರ್ಷ ಯಾವ ಮರದ್ದು ಕೊಡ್ತಿದ್ರಿ, ತೋರಿಸಿ."

ಮುದುಕಿ ಕಡಲಿನಾಚೆಗೆ ಕೈ ತೋರಿದಳು.

"ಮನೆಗೆ ಬಂದವನಿಗೆ ಈ ಸುಟ್ಟ ನೆಲದ್ದು ಕೊಡೋದುಂಟಾ ಮಗಾ? ನಿನಗೆ ಅಂತ ಪ್ರತಿ ಸಲ ಆ ದೂರದ ದ್ವೀಪದಿಂದ ದೋಣೀಲಿ ತರಿಸ್ತೀನಿ. ಇಲ್ಲೀದು ಏನಿದ್ರೂ ನಮ್ಮ ಮಕ್ಕಳಿಗೆ."