ಯಶೋದಾಬಾಯಿಯ ಹೆಬ್ಬೆಟ್ಟು

"ಇಲ್ಲಿ ಒತ್ರಿ, ಅಕ್ಕಾರ," ಎಂದು ಪಟವಾರಿ ನಾಗನಾಥ ಕಾಗದ ಚಾಚಿದ. ಅವಸರದಲ್ಲಿ ತಲೆಕೆಳಗಾಗಿ ಕೊಟ್ಟಿದ್ದ.

ಯಶೋದಾಬಾಯಿ ಅದನ್ನು ತಿರುಗಿಸಿ ಹಿಡಿದು ಬಹಳ ಹೊತ್ತು ನೋಡಿದಳು. "ಮೊಹರು ಚಂದ ಅದರಿ. ಏನ್ ಬರ್ದೀರಿ?"

"ಬಾವಿ ದುರಸ್ತಿ ಅರ್ಜಿರಿ."

"ಮುಂದ ಯಾರೂ ತಕರಾರು ತಗ್ಯಾಕ ಬರಂಗಿಲ್ಲಲ್ಲ?"

"ಸರಕಾರಿ ಕಾಗದ್ರಿ. ಯಾರ ಕೈಲಿ ಆಗ್ತದ?"

ಆಕೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು.

ಅದು ೧೯೩೭, ಸರಕಾರಿ ಕಾಗದಗಳೆಲ್ಲ ಉರ್ದುವಿನಲ್ಲಿರುತ್ತಿದ್ದ ಕಾಲ. ಹುಮನಾಬಾದದ ಹತ್ತಿರದ ಆ ಊರಿನಲ್ಲಿ ಉರ್ದು ಓದಬಲ್ಲವನು ನಾಗನಾಥ ಒಬ್ಬನೇ ಎಂದು ಹೆಸರು. ಕಾಗದದಲ್ಲಿದ್ದದ್ದು ದಾನಪತ್ರ, ಊರಬಾಗಿಲ ಅಗಸಿಯ ಪಕ್ಕದ ಆಕೆಯ ಹತ್ತು ಗುಂಟೆ ನೆಲ ಊರ ಮಂಟಪಕ್ಕೆ. ಹಿಂದಿನ ವರ್ಷ ಕೂಲಿಯವರ ಮದುವೆಯಲ್ಲಿ ಗಾಳಿಗೆ ಹಂದರ ಬಿದ್ದು ಒಂದು ಕೂಸು ಸತ್ತಿತ್ತು. ಎಲ್ಲರಿಗೂ ಸೇರಲು ಒಂದು ಗಟ್ಟಿ ಸೂರು ಬೇಕಿತ್ತು. ಜಾಗ ಮಾತ್ರ ಯಾರೂ ಬಿಡಲಿಲ್ಲ. ನಾಗನಾಥ ಮಕ್ಕಳಿಲ್ಲದ ವಿಧವೆಯನ್ನು ಆರಿಸಿಕೊಂಡ.

ಗೋಡೆ ಏಳುತ್ತಿದ್ದಂತೆ ಆಕೆಯ ಮೈದುನ ಬಂಡೆಪ್ಪ ಕೊಡಲಿ ಹಿಡಿದು ಬಂದ. ಆ ನೆಲ ತನಗೇ ಎಂದು ಕಾದು ಕುಳಿತಿದ್ದವನು. ಯಶೋದಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಎಲ್ಲರೆದುರು ಅತ್ತಳು. "ನನಗೇನ್ ಗೊತ್ತಪಾ? ಒತ್ತು ಅಂದ್ರು, ಒತ್ತೀನಿ."

ಬಂಡೆಪ್ಪ ಕಲ್ಯಾಣದ ವಕೀಲರವರೆಗೂ ಅಲೆದ. ಕಾಗದ ಗಟ್ಟಿಯಿತ್ತು. ಆ ಅಳು ನಾಗನಾಥನ ಕಿವಿಯಲ್ಲಿ ಉಳಿದುಬಿಟ್ಟಿತು.

ಮಂಟಪ ಎದ್ದಿತು. ಮದುವೆ, ಭಜನೆ, ನ್ಯಾಯ ಎಲ್ಲವೂ ಅಲ್ಲೇ. ಬೇರೆಯವರ ಮನೆಯ ಮದುವೆಗಳಲ್ಲಿ ಹಿತ್ತಲಲ್ಲಿ ನಿಲ್ಲುತ್ತಿದ್ದ ಯಶೋದಾಬಾಯಿ ಇಲ್ಲಿ ಮಾತ್ರ ಬಂದು ಮುಂದಿನ ಸಾಲಿನಲ್ಲಿ ಕೂರುವಳು. ಮೋಸಹೋದವಳ ನೆಲ, "ಏಳು" ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ನಾಗನಾಥ ಒಳಗೆ ಕಾಲಿಡುತ್ತಿರಲಿಲ್ಲ. ಸ್ವಂತ ಮಗಳ ಮದುವೆಯಲ್ಲೂ ಹೊಸ್ತಿಲಾಚೆಯಿಂದಲೇ ಅಕ್ಷತೆ ಎಸೆದ.

ಒಂಬತ್ತು ವರ್ಷ ಹೀಗೇ ಕಳೆದವು. ಒಂದು ಮುಂಜಾನೆ ತಡೆಯಲಾಗದೆ ಆಕೆಯ ಅಂಗಳಕ್ಕೆ ನಡೆದ. ಜೋಳ ಕೇರುತ್ತಿದ್ದಳು. ತಲೆಯ ರುಮಾಲು ತೆಗೆದು ಆಕೆಯ ಮುಂದಿಟ್ಟ.

"ಅಕ್ಕಾರ, ಅದು ಬಾವಿ ಕಾಗದ ಅಲ್ಲರಿ. ನಾ ನಿಮಗ ಧೋಕಾ ಮಾಡೀನಿ. ಆವತ್ತಿನಿಂದ ಉಂಡದ್ದು ಮೈಗಿ ಹತ್ತವಲ್ದು."

ಮೊರ ನಿಂತಿತು. ಆಕೆ ತಲೆ ಎತ್ತಲಿಲ್ಲ. ಕಣ್ಣೀರು ಜೋಳದ ಮೇಲೆ ಬಿತ್ತು.

"ರುಮಾಲು ಸುತ್ತಿಕೋರಿ, ಸಾಹೇಬ್ರ," ಎಂದಳು ಕೊನೆಗೆ. "ನಾನಾಗೇ ಕೊಟ್ಟಿದ್ರ ಬಂಡೆಪ್ಪ ನನ್ನ ಜೀವಂತ ಬಿಡತಿದ್ದಿಲ್ಲ. ಮೋಸ ಆದ್ರ ಬೈಗಳೆಲ್ಲಾ ನಿಮಗ. ಅದಕ್ಕ ಸುಮ್ಮನಿದ್ದೆ."

ನಾಗನಾಥನಿಗೆ ಅರ್ಥವಾಗಲಿಲ್ಲ.

"ಸಣ್ಣಾಕಿದ್ದಾಗ ಕಲ್ಯಾಣದಾಗ ಬಾಜೂ ಮನಿ ಹಬೀಬ್ ಚಾಚಾ ನನಗ ಉರ್ದು ಕಲಿಸಿದ್ರು. ತಪ್ಪಾತು ಅನ್ನಬೇಕಾದಾಕಿ ನಾನ್ರಿ, ಆ ಕಾಗದ ಓದೇ ಒತ್ತೀನಿ."