ಮಿಂಚು ಡಿಸ್ಕೋ ಪಾರ್ಟಿ

ಕಬ್ಬಿಣದ ರಾಡು ಇನ್ನೊಮ್ಮೆ ಬಿದ್ದಾಗ ಕೀಬೋರ್ಡ್ ತುಂಡಾಯಿತು. ವ್ಯಾನಿನಿಂದ ಎಳೆದು ಹಾಕಿದ ಡ್ರಮ್ಮುಗಳು ಆಗಲೇ ಅಂಗಳದ ಬೆಂಕಿಯಲ್ಲಿದ್ದವು. ಮರಿಮಾದ ಬಾಯಿಯ ರಕ್ತ ಉಗುಳಿ, ಮೊಣಕಾಲೂರಿ ಎದ್ದ.

"ನಮ್ಮಪ್ಪ ಒಳಗೆ ಹೆಣವಾಗಿ ಮಲಗವ್ರೆ," ಎಂದ ರಾಡು ಹಿಡಿದಿದ್ದ ಊರ ಯಜಮಾನರ ಮಗ. "ನಿಮ್ಮಪ್ಪ, ನಿಮ್ಮಜ್ಜ ಎಲ್ರೂ ನಮ್ಮನೆ ಹೆಣದ ಮುಂದೆ ತಮಟೆ ಬಾರ್ಸಿದೋರೇ. ನಿಂಗೇನೋ ರೋಗ?"

"ನಾನೂ ಬಾರ್ಸಿದೀನಿ. ಬಿಟ್ಟೆ."

ಬಿಟ್ಟ ಮೇಲೆಯೇ ಕೇರಿಯ ಗೆಳೆಯರ ಜೊತೆ ಅವನು ಈ ವಾದ್ಯದ ಪಾರ್ಟಿ ಕಟ್ಟಿದ್ದು. ತಮಟೆಯ ಅದೇ ಏಟನ್ನು ಡ್ರಮ್ಮಿಗೆ ಇಳಿಸಿದ್ದರು. ಈಗ ಮೈಸೂರಿನ ಮದುವೆಮನೆಗಳೂ ಅವರು ಬಿಡುವಾಗಿರುವ ದಿನ ನೋಡಿ ಮುಹೂರ್ತ ಇಡಿಸುತ್ತಿದ್ದವು.

ಮಗ ಅವನ ಪಕ್ಕೆಗೆ ಒದ್ದು, ಎದೆಗೆ ತಮಟೆ ಎಸೆದ. "ನಿನ್ ಡಿಸ್ಕೋ ಉರೀತಾ ಐತಲ್ಲ, ಅದ್ರಲ್ಲೇ ಚರ್ಮ ಕಾಯಿಸ್ಕೊ. ಬಾರ್ಸು."

ಮರಿಮಾದ ತಮಟೆಯನ್ನೂ ಬೆಂಕಿಗೆ ಹಾಕಿದ. ರಾಡು ಮತ್ತೆ ಮೇಲೆದ್ದಿತು.

"ನಿಲ್ಸೋ," ಎನ್ನುತ್ತ ಮಗನ ತಾಯಿ ಒಳಗಿನಿಂದ ಓಡಿಬಂದಳು. "ಏನೋ ಮಾಡ್ಬಿಟ್ಟೆ? ನಿಮ್ಮಪ್ಪ ಕೊನೇಲಿ ಕೇಳಿದ್ದು ತಮಟೆ ಅಲ್ಲ ಕಣೋ. ಮರಿಮಾದನ ಡಿಸ್ಕೋ ಹಾಕ್ಸಿ ಕಳ್ಸಿ ಅಂದ್ರು."

ಮಗ ಉರಿಯುವ ಡ್ರಮ್ಮುಗಳನ್ನು ನೋಡಿ, ರಾಡು ಎಸೆದು, ಮರಿಮಾದನ ಕಡೆ ತಿರುಗಿದ.

"ಮರಿಮಾದಣ್ಣ, ಪ್ಯಾಟೆಯಿಂದ ಹೊಸ ಸೆಟ್ಟೇ ತರಿಸ್ತೀನಿ. ಲಾರಿ ಮೇಲೆ ಸ್ಟೇಜು, ಬಣ್ಣಬಣ್ಣದ ಲೈಟು. ಡಿಸ್ಕೋನೇ ಬಾರ್ಸಪ್ಪ."

"ಅದೂ ಹೆಣದ ಮುಂದೇನೇ ಅಲ್ವಾ?" ಎಂದ ಮರಿಮಾದ. "ಬಾರ್ಸಲ್ಲ."