ನಾಗರಾಜು ಬೀಳಿಸಿದ ಕ್ಯಾಮೆರಾ

ಮುಹೂರ್ತ ಇನ್ನೇನು ಬಂತು ಅನ್ನುವಾಗ ಗಂಡಿನ ಸೋದರಮಾವ ನಾಗರಾಜು ಫೋಟೊಗ್ರಾಫರ್ ಪುಷ್ಪಾಳ ಕ್ಯಾಮೆರಾ ಬೀಳಿಸಿದ. ಬೀಳಿಸಿದ ಅನ್ನುವುದಕ್ಕಿಂತ, ಫೋಟೊ ನೋಡುವ ಆತುರಕ್ಕೆ ಅವಳ ಕೊರಳಿನಿಂದ ಪಟ್ಟಿ ಸಮೇತ ಕಿತ್ತುಕೊಂಡು, ತಾನೂ ಸರಿಯಾಗಿ ಹಿಡಿಯದೆ ಮಂಟಪದ ಮೆಟ್ಟಿಲ ಮೇಲೆ ಉರುಳಿಸಿದ ಅನ್ನಬೇಕು. ಹಲಗೂರಿನ ಸಮುದಾಯ ಭವನದ ಮೆಟ್ಟಿಲು ಗ್ರಾನೈಟಿನದು. ಲೆನ್ಸು ಸಡಿಲವಾಯಿತು, ಬೆನ್ನ ಮೇಲಿನ ಪರದೆ ಒಡೆದು ಕಪ್ಪಾಯಿತು.

ಬೆಳಗಿನಿಂದ ಅವನ ಕಾಟ ಅದೇ. ಪುಷ್ಪಾ ಒಂದು ಫೋಟೊ ತೆಗೆದಳೋ ಇಲ್ಲವೋ, ಬಂದು ಪರದೆಗೆ ಮೂಗು ತಗುಲಿಸಿ ನೋಡುತ್ತಿದ್ದ. ನೋಡುತ್ತಿದ್ದುದು ಮದುಮಕ್ಕಳನ್ನಲ್ಲ, ಹೆಣ್ಣಿನ ತಾಯಿ ಹೊಂಬಾಳಮ್ಮ ಚಿತ್ರದಲ್ಲಿ ಎಲ್ಲಾದರೂ ಬಂದಿದ್ದಾಳೋ ಎಂದು. ಗಂಡ ಸತ್ತವಳು ಮದುವೆಯ ಚಿತ್ರದಲ್ಲಿ ಇರಬಾರದು ಎಂಬುದು ಅವನ ಶಾಸ್ತ್ರ. ರೇಷ್ಮೆ ಹುಳು ಸಾಕಿ ಮಗಳನ್ನು ಓದಿಸಿದವಳು, ಈ ಮದುವೆಯನ್ನು ಒಬ್ಬಳೇ ಎತ್ತಿ ನಿಲ್ಲಿಸಿದವಳು, ಫೋಟೊ ತೆಗೆಯಲು ಪುಷ್ಪಾಳನ್ನು ಗೊತ್ತು ಮಾಡಿದವಳು, ಎಲ್ಲ ಅವಳೇ. ಆದರೂ ಅವಳ ಸೆರಗಿನ ತುದಿ ಕಂಡರೆ ಸಾಕು, ನಾಗರಾಜು ಎದುರಿಗೇ ನಿಂತು ಅಳಿಸಿಹಾಕಿಸುತ್ತಿದ್ದ.

ಮದುಮಗಳು ಚಂದನ ಅಲಂಕಾರದ ಕೋಣೆಯಲ್ಲಿ ಪುಷ್ಪಾಳ ಕೈ ಹಿಡಿದು ಕೇಳಿಕೊಂಡದ್ದು ಒಂದೇ. ತಾಳಿ ಕಟ್ಟುವಾಗ ಅವ್ವ ತನ್ನ ಜೊತೆಗಿರುವ ಒಂದು ಚಿತ್ರ ಆಲ್ಬಮ್ಮಿನಲ್ಲಿ ಬೇಕು. ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ತೆಗೆದುಕೊಂಡದ್ದು ಆ ಫೋನಿನ ಜೊತೆಗೇ ಹೋಗುತ್ತದೆ; ಆಲ್ಬಮ್ಮು ಗಂಡನ ಮನೆಯ ಬೀರುವಿನಲ್ಲಿ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಪುಷ್ಪಾ ಆಗಲಿ ಅಂದುಬಿಟ್ಟಿದ್ದಳು. ನಾಗರಾಜು ಬೆನ್ನಿಗೆ ಅಂಟಿಕೊಂಡಿರುವಾಗ ಅದು ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಈಗ ಸುತ್ತ ಜನ ಸೇರಿದರು, ತಲೆಗೊಂದು ಮಾತು. ಹೆಣ್ಣಿನ ಕಡೆಯವರು ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡಿಸೋಣ ಅಂದರು. ನಾಗರಾಜು ತನ್ನ ತಪ್ಪನ್ನು ಕ್ಯಾಮೆರಾದ ತಲೆಗೇ ಕಟ್ಟಿದ: ಅದು ಹಳೇ ಡಬ್ಬ, ರಿಪೇರಿ ಮಾಡಿಸುವುದು ದಂಡ, ಎಸೆದು ಹೊಸದು ತಗೊಳ್ಳಲಿ. ಅಲ್ಲಿಯವರೆಗೆ ತಾನೇ ಮದ್ದೂರಿನಿಂದ ಒಬ್ಬ ಸ್ಟುಡಿಯೊದವನನ್ನು ಕರೆಸುತ್ತೇನೆ ಎಂದು ಫೋನನ್ನು ಕಿವಿಗಿಟ್ಟ. ಪುಷ್ಪಾಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಕ್ಯಾಮೆರಾ ಎತ್ತಿಕೊಂಡು ವೇಲಿನ ತುದಿಯಿಂದ ಒರೆಸಿ, ಲೆನ್ಸನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಮೇಲಿನ ಸಣ್ಣ ಕಿಂಡಿಗೆ ಕಣ್ಣಿಟ್ಟಳು. ಮಂಟಪ ನಿಚ್ಚಳವಾಗಿ ಕಂಡಿತು. ಗುಂಡಿ ಒತ್ತಿದಳು. ಕಟಕ್ ಎಂದಿತು, ಚಿತ್ರ ಕಾರ್ಡಿಗೆ ಇಳಿಯುವಾಗ ಹತ್ತುವ ಕೆಂಪು ದೀಪ ಹತ್ತಿ ಆರಿತು. ಚಿತ್ರ ತೆಗೆಯುವುದಕ್ಕೆ ಏನೂ ಆಗಿಲ್ಲ. ನಿಂತುಹೋದದ್ದು ತೋರಿಸುವ ಕೆಲಸ ಮಾತ್ರ. ಪುಷ್ಪಾಳಿಗೆ ನಗು ಬಂತು.

"ರಿಪೇರಿನೂ ಬ್ಯಾಡ, ಒಸದೂ ಬ್ಯಾಡ. ಇದ್ರಲ್ಲೇ ತೆಗಿತೀನಿ ಬುಡಣ್ಣ," ಅಂದಳು.

"ಎಂಗ್ ಬಂತು ಅಂತ ನೋಡೋದೆಂಗಮ್ಮ?" ನಾಗರಾಜು ಕೇಳಿದ.

"ನೋಡಕಾಗಕಿಲ್ಲ ಕಣಣ್ಣ. ಅಳ್ಸಕೂ ಆಗಕಿಲ್ಲ."

ನಾಗರಾಜು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪುರೋಹಿತರು ಗಟ್ಟಿಮೇಳಕ್ಕೆ ಕೈಯೆತ್ತಿದರು. ಮುಹೂರ್ತ ಯಾರ ಸೋದರಮಾವನಿಗೂ ಕಾಯುವುದಿಲ್ಲ. ಮದ್ದೂರಿನವನು ಇನ್ನೂ ಶರ್ಟು ಹಾಕಿಕೊಳ್ಳುತ್ತಿದ್ದನೋ ಏನೋ. ಪರದೆ ಒಡೆದವನು ತಾನೇ, ಇನ್ನು ಯಾರನ್ನು ಬಯ್ಯುವುದು? ಮಾಡಿದ್ದುಣ್ಣೋ ಮಹಾರಾಯ ಎಂದು ಅಕ್ಷತೆ ಹಿಡಿದು ಗಂಡಿನ ಪಕ್ಕಕ್ಕೆ ಓಡಿದ.

ಪುಷ್ಪಾ ಎದುರಿನ ಜಾಗ ಬಿಟ್ಟು ಮಂಟಪದ ಬದಿಗೆ ಬಂದು ಮಂಡಿಯೂರಿದಳು. ಆ ಬದಿಯ ಬಾಳೆಕಂಬದ ಹಿಂದೆ ಹೊಂಬಾಳಮ್ಮ ಯಾರ ಕಣ್ಣಿಗೂ ಬೀಳದ ಹಾಗೆ ಮುದುಡಿ ನಿಂತಿದ್ದಳು. ಗಂಡು ತಾಳಿ ಹಿಡಿದು ಬಗ್ಗಿದ. ಎಲ್ಲರ ಕಣ್ಣೂ ತಾಳಿಯ ಮೇಲೆ. ಆಗ ಚಂದನ ತನ್ನ ಎಡಗೈಯನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಳು. ಬಾಳೆಕಂಬದ ಹಿಂದಿನಿಂದ ಇನ್ನೊಂದು ಕೈ ಬಂದು ಅದನ್ನು ಹಿಡಿಯಿತು. ಹೊಂಬಾಳಮ್ಮ ಮುಖ ಮುಂದೆ ಮಾಡಿ, ಮಗಳ ಕೊರಳನ್ನೇ ನೋಡುತ್ತ, ತುಂಬು ಮುಖದಲ್ಲಿ ನಕ್ಕಳು. ಕಟಕ್, ಕಟಕ್, ಕಟಕ್. ಪುಷ್ಪಾಳ ಕಣ್ಣು ಮಂಜಾಯಿತು, ಬೆರಳು ಮಾತ್ರ ನಿಲ್ಲಲಿಲ್ಲ. ಬೆಳಗಿನಿಂದ ತೆಗೆದದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ ಎಂದು ಅವಳಿಗೆ ನೋಡದೆಯೂ ಗೊತ್ತಿತ್ತು.

ಆಲ್ಬಮ್ಮನ್ನು ಹನಕೆರೆಗೆ, ಗಂಡಿನ ಮನೆಗೆ, ಪುಷ್ಪಾ ತಾನೇ ಒಯ್ದು ಕೊಟ್ಟಳು. ಆ ಚಿತ್ರ ಎರಡು ಪುಟ ತುಂಬಿಕೊಂಡು ನಟ್ಟನಡುವೆ ಕೂತಿತ್ತು. ಅಂದು ಅಲ್ಲಿಗೆ ಬಂದಿದ್ದ ನಾಗರಾಜುವಿನ ಮುಖ ಸುಟ್ಟ ಬದನೆಕಾಯಿ ಆಯಿತು. ಮೊದಲು ಆ ಡಬ್ಬ ಎಸೆದು ಹೊಸದು ತಗೊ ಎಂದು ಗೊಣಗಿದ. ಮಂಡ್ಯದಲ್ಲಿ ರಿಪೇರಿ ಆಯಿತು, ಲೆನ್ಸು ಗಟ್ಟಿಯಾಗಿದೆ, ಪರದೆಯೊಂದನ್ನು ಮಾತ್ರ ಹಾಕುವುದು ಬೇಡ ಅಂದೆ ಎಂದು ಪುಷ್ಪಾ ತಲೆಯೆತ್ತಿಕೊಂಡೇ ಹೇಳಿದಳು. ಪಕ್ಕದಲ್ಲಿದ್ದ ಚಂದನ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ನಾಗರಾಜುವಿನ ಜೊತೆಗೆ ಬಂದಿದ್ದ ಅವನ ತಾಯಿ ಚಿಕ್ಕಬೋರಮ್ಮ ಗಂಡನನ್ನು ಕಳೆದುಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಆ ಮುದುಕಿ ಆಲ್ಬಮ್ಮನ್ನು ಮಡಿಲಿಗೆ ಎಳೆದುಕೊಂಡು, ಬಾಳೆಕಂಬದ ಬಳಿಯ ಆ ಎರಡು ಕೈಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು. ಪುಟ ತಿರುಗಿಸಲು ಬಂದ ಮಗನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ನಿನ್ ಮದ್ವೇಲಿ ನಾನು ಅಡ್ಗೆಮನೇಲಿ ಕುಂತಿದ್ದೆ ಕಣ್ಲಾ," ಅಂದಳು. "ಅವತ್ತೂ ಯಾರಾದ್ರೂ ಇಂಗೊಂದ್ ಕ್ಯಾಮ್ರ ಬೀಳುಸ್ಬಾರ್ದಾಗಿತ್ತಾ?"